ಮೇಲುಗೈ

ಬಲಗೈ ತೋಳಿನೊಳಕ್ಕೆ ಹೋಗಲೊಲ್ಲದು. ಮಗಳು ಒಂದು ಕೈಯಿಂದ ಅಮ್ಮನ ಮೊಣಕೈಯನ್ನು ಎತ್ತಿ ಹಿಡಿದು, ಇನ್ನೊಂದರಿಂದ ನೀಲಿ ಅಂಗಿಯ ತೋಳನ್ನು ಮೇಲಕ್ಕೆ ಎಳೆಯುತ್ತಿದ್ದಳು.

"ಎಳೀಬೇಡಮ್ಮ, ನಿಧಾನಕ್ಕೆ" ಎಂದಳು ಮಂಚದ ಆಚೆ ಬದಿಯಲ್ಲಿ ಕೂತಿದ್ದ ಆಯಾ. "ಅವಳಿಗೀಗ ಯಾವ ಅವಸರವೂ ಇಲ್ಲ."

ಅಮ್ಮ ಕೆಲಸ ಮಾಡಿದ, ಕಣ್ಣು ಕಿವಿ ಇಲ್ಲದ ಮಕ್ಕಳ ಶಾಲೆಯ ಅಡುಗೆಮನೆಯನ್ನು ನಲವತ್ತು ವರ್ಷ ಆಳಿದವಳು ಈ ಆಯಾ. ಎಂಬತ್ತು ದಾಟಿದೆ. ಬೆಳಿಗ್ಗೆ ಸಾವಿನ ಸುದ್ದಿ ತಿಳಿದದ್ದೇ ಯಾರ ಸಹಾಯವನ್ನೂ ಕೇಳದೆ ಎರಡು ಬಸ್ಸು ಬದಲಿಸಿ ಬಂದು, ಮಹಡಿಯ ಮೆಟ್ಟಿಲು ಹತ್ತಿ, ಉಸ್ಸೆಂದು ಮಂಚದ ಪಕ್ಕ ಕೂತಿದ್ದಳು. ಆಗಿನಿಂದ ಎದ್ದಿಲ್ಲ.

ತೋಳಿನ ತುದಿಯಲ್ಲಿ ಗುಂಡಿ ಹಾಕಿಯೇ ಇತ್ತು. ಅದನ್ನು ಬಿಚ್ಚದೆ ಕೈ ಹೊರಗೆ ಬಾರದು ಎಂದುಕೊಂಡು ಮಗಳು ಬಗ್ಗುವಷ್ಟರಲ್ಲಿ, ಮಡಚಿಕೊಂಡಿದ್ದ ಬೆರಳುಗಳು ತಾವಾಗಿಯೇ ಜಾರಿ ಆಚೆ ಬಂದವು. ಅವಳು ತೋಳಿನ ತುದಿಯನ್ನು ತಿರುಗಿಸಿ ನೋಡಿದಳು. ಗುಂಡಿಯನ್ನು ಹೊಲಿದಿದ್ದದ್ದು ನೂಲಿನಿಂದಲ್ಲ, ಸಪೂರವಾದ ಎಲಾಸ್ಟಿಕ್ ದಾರದಿಂದ. ಕೈ ತೂರಿಸಿದರೆ ದಾರ ಹಿಗ್ಗಿ ದಾರಿ ಬಿಡುತ್ತದೆ, ಆಮೇಲೆ ಗುಂಡಿ ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಒಂದೇ ಕೈ ನಡೆಯುವವರಿಗೆ ಮಾಡಿದ ಉಪಾಯ.

ಎದ್ದು ಹೋಗಿ ಬೀರು ತೆರೆದಳು. ಏಳು ಅಂಗಿಗಳು, ಏಳಕ್ಕೂ ಹಾಗೆಯೇ. ಕೈಚೀಲದ ಜಿಪ್ಪಿಗೆ ಹೆಬ್ಬೆರಳು ತೂರುವಷ್ಟು ದೊಡ್ಡ ಉಂಗುರ. ಅಮ್ಮನಿಗೆ ಸೂಜಿ ಎಂದರೆ ಆಗದು, ಅಪ್ಪನಿಗಂತೂ ಸೂಜಿಯ ಯಾವ ತುದಿಯಲ್ಲಿ ಕಣ್ಣಿದೆ ಎಂದೂ ತಿಳಿಯದು. ಆದರೆ ಈ ಹೊಲಿಗೆ ಎಣಿಸಿ ಹಾಕಿದಂತೆ ಒತ್ತಾಗಿತ್ತು.

ಯಾರು ಹೊಲಿದದ್ದು ಎಂದು ಕೇಳಿದರೆ ಆಯಾ, "ನಂಗೆ ಸೂಜಿ ಕಂಡು ಹತ್ತು ವರ್ಷ ಆಯ್ತು. ನನ್ನ ಮೇಲೆ ಅನುಮಾನ ಬೇಡ" ಎಂದಳು.

ಮಗಳು ಅಂಗಿಯ ಮುಂಭಾಗದ ಗುಂಡಿಗಳನ್ನು ಹಾಕಿ, ಕೂದಲು ಬಾಚಿ, ಎಡಗೈಯ ಗಡಿಯಾರವನ್ನು ಬಿಚ್ಚಿ ತನ್ನ ಚೀಲದಲ್ಲಿಟ್ಟುಕೊಂಡಳು. ಸ್ಟೀಲ್ ಪಟ್ಟಿಯ, ಕೀ ಕೊಡುವ ಗಂಡಸರ ಗಡಿಯಾರ. ಅಮ್ಮ ಅದನ್ನು ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆಯುತ್ತಿದ್ದಳು. ಅದೊಂದಾದರೂ ತನಗೆ ಉಳಿಯಲಿ ಎಂದು ಅವಳಿಗೆ ಅನ್ನಿಸಿತು.

ಹೊರಗಿನ ಕೋಣೆಯಲ್ಲಿ ಸೋದರಮಾವ ಎಲ್ಲರಿಗೂ ಹೊತ್ತು ಹೇಳುತ್ತಿದ್ದ. ಕಾರ್ಖಾನೆಯ ಗೇಟಿನಲ್ಲಿ ಮೂವತ್ತಮೂರು ವರ್ಷ ಟೈಮ್‌ಕೀಪರ್ ಆಗಿದ್ದವನು. ನಿವೃತ್ತನಾದರೂ ಬಂದವರನ್ನು ಕಂಡರೆ ಮೊದಲು ಗೋಡೆಯ ಗಡಿಯಾರ ನೋಡುತ್ತಾನೆ, ಆಮೇಲೆ ಮುಖ. ನಾಲ್ಕಕ್ಕೆ ಗಾಡಿ, ಐದೂವರೆಗೆ ಸ್ಮಶಾನದ ಗೇಟು ಮುಚ್ಚುತ್ತಾರೆ, ನಾಲ್ಕು ಅಂದರೆ ನಾಲ್ಕು ಎಂದು ಅವನು ಮೂರನೆಯ ಸಲ ಹೇಳಿದಾಗ ಕಿಟಕಿಯ ಬಳಿ ಕೂತಿದ್ದ ಅಪ್ಪ ತಲೆ ಎತ್ತಿದ.

"ಬೀಗ ಬರ್ತಿದಾಳೆ" ಎಂದ.

ಅಮ್ಮನ ಹಳೆಯ ವಿದ್ಯಾರ್ಥಿನಿ ಬೀಗ ಎರಡೂವರೆಗೇ ಬರಬೇಕಾಗಿತ್ತು. ದಾರಿಯಲ್ಲಿ ರೈಲು ನಿಂತಿದೆ, ಎಷ್ಟು ಹೊತ್ತಾಗುತ್ತದೋ ತಿಳಿಯದು ಎಂದು ಅವಳ ಜೊತೆಗಾರ್ತಿಯಿಂದ ಫೋನು ಬಂದಿತ್ತಂತೆ. ಮಾವ ಗೋಡೆಯ ಗಡಿಯಾರ ನೋಡಿದ. ಆಗಲೇ ಮೂರೂ ಹತ್ತು.

ಮಗಳು ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು. ಬೆಳಿಗ್ಗೆಯಿಂದ ಅವಳು ಅತ್ತಿರಲಿಲ್ಲ.

"ಅಪ್ಪಾ, ಅಮ್ಮ ಬದುಕಿದ್ದಷ್ಟು ದಿನ ಆ ಮಕ್ಕಳಿಗೋಸ್ಕರ ನಮ್ಮನ್ನ ಕಾಯಿಸಿದ್ಲು. ಇವತ್ತೂ ಕಾಯಬೇಕಾ?"

ಅಪ್ಪ ಮತ್ತೆ ಕಿಟಕಿಯತ್ತ ತಿರುಗಿದ.

*

ಬೀಗ ಎನ್ನುವುದು ಆಯಾ ಇಟ್ಟ ಹೆಸರು.

ಮೂವತ್ತೊಂದು ವರ್ಷದ ಹಿಂದೆ, ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಅವಳ ಅಜ್ಜ ಹೆಗಲ ಮೇಲೆ ಹೊತ್ತು ಶಾಲೆಗೆ ತಂದಿದ್ದ. ಎರಡನೆಯ ವಯಸ್ಸಿನಲ್ಲಿ ಬಂದ ಜ್ವರ ಕಣ್ಣು, ಕಿವಿ ಎರಡನ್ನೂ ಕಿತ್ತುಕೊಂಡು ಹೋಗಿತ್ತು. ಮನೆಯಲ್ಲಿ ಪ್ರೀತಿಗೆ ಬರವಿರಲಿಲ್ಲ. ಉಣಿಸಿದರು, ತೊಳೆದರು, ತೊಡಿಸಿದರು. ಅವಳಿಂದ ಒಂದು ಕಡ್ಡಿಯನ್ನೂ ಎತ್ತಿಸಲಿಲ್ಲ. ಹುಡುಗಿ ಎರಡೂ ಮುಷ್ಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು ನೆಲದ ಮೇಲೆ ಕೂತಳು. ಯಾರು ಬಿಡಿಸಹೋದರೂ ಬಿಡಿಸಿಕೊಳ್ಳಲಿಲ್ಲ. "ಮಗು ಬೀಗ ಹಾಕ್ಕೊಂಡೇ ಬಂದಿದೆಯಲ್ಲಪ್ಪ" ಎಂದಳು ಆಯಾ.

ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದ ಸಹಾಯಕಿ ಅದಕ್ಕೆ ನಕ್ಕು, ಬೀಗ ಬಂದ ಮೇಲೆ ಅದರ ಕೈಯೂ ಇಲ್ಲೇ ಎಲ್ಲೋ ಇರಬೇಕು, ಹುಡುಕೋಣ ಎಂದಿದ್ದಳು. ಅವಳೇ ಅಮ್ಮ; ಆಗಿನ್ನೂ ಟೀಚರ್ ಆಗಿರಲಿಲ್ಲ. ಎಂಟು ವರ್ಷದ ಮಗಳ ತಾಯಿ, ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರನ ಹೆಂಡತಿ, ಅಡುಗೆಮನೆಯ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

ತರಬೇತಿ ಪಡೆದ ಮೂವರು ಟೀಚರ್‌ಗಳು ಆ ಹುಡುಗಿಗೆ ಚಮಚ ಹಿಡಿಯುವುದನ್ನು ಕಲಿಸಲು ನೋಡಿದರು. ಅವಳ ಕೈಯ ಮೇಲೆ ತಮ್ಮ ಕೈಯಿಟ್ಟು, ಬೆರಳುಗಳನ್ನು ಒತ್ತಿ ಹಿಡಿದು, ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ. ಮೂವರ ಮುಂಗೈಯಲ್ಲೂ ಹಲ್ಲಿನ ಗುರುತು ಮೂಡಿತು. ನಾಲ್ಕನೆಯ ತಿಂಗಳು ಒಂದು ಮಧ್ಯಾಹ್ನ ಹುಡುಗಿ ಗೋಡೆ ಸವರಿಕೊಂಡು, ವಾಸನೆಯ ಜಾಡು ಹಿಡಿದು ಅಡುಗೆಮನೆಗೆ ಬಂದಳು. ತಡಕಾಡಿದ ಕೈಗೆ ಸಹಾಯಕಿಯ ಮಣಿಕಟ್ಟು ಸಿಕ್ಕಿತು. ಮಣಿಕಟ್ಟಿನಲ್ಲಿ ಗಡಿಯಾರ. ಕೀ ಕೊಡುವ ಗಡಿಯಾರದ ಮಿಡಿತ ಬೆರಳಿಗೆ ತಗಲುತ್ತದೆ. ಹುಡುಗಿ ಅಲ್ಲಿಯೇ ನಿಂತುಬಿಟ್ಟಳು. ಕೆನ್ನೆಯನ್ನು ಅದಕ್ಕೊತ್ತಿದಳು, ಹಲ್ಲಿಗೆ ತಾಗಿಸಿದಳು.

ಸಹಾಯಕಿ ಕೈಯನ್ನು ಎಳೆದುಕೊಳ್ಳಲಿಲ್ಲ, ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಲೂ ಇಲ್ಲ. ಸಿಂಕಿನಲ್ಲಿ ಹದಿನೇಳು ಲೋಟಗಳಿದ್ದವು. ಮೊದಲ ಲೋಟ ಮುಗಿಯುವಷ್ಟರಲ್ಲಿ ಹುಡುಗಿಯ ಕೈ ಗಡಿಯಾರದಿಂದ ಜಾರಿ ಅವಳ ಹಿಂಗೈಯ ಮೇಲೆ ಬಂದು ಕೂತಿತು. ಐದನೆಯ ಲೋಟಕ್ಕೆ ಮುಷ್ಟಿ ಸಡಿಲವಾಯಿತು. ಹನ್ನೆರಡಕ್ಕೆ ಬೆರಳುಗಳು ಅವಳ ಬೆರಳ ಸಂದಿಯಲ್ಲಿ ಇಳಿದು, ನೊರೆಯನ್ನೂ ನೀರನ್ನೂ ಲೋಟದ ಅಂಚನ್ನೂ ನೋಡಿದವು. ಹದಿನೇಳನೆಯದನ್ನು ಹುಡುಗಿಯೇ ತಿಕ್ಕಿದಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಡ್‌ಮಾಸ್ಟರು ಮಾರನೆಯ ದಿನವೇ ಸಹಾಯಕಿಯನ್ನು ಅಡುಗೆಮನೆಯಿಂದ ತರಗತಿಗೆ ಕಳಿಸಿದರು. ಹಲ್ಲುಜ್ಜುವುದು, ತಲೆ ಬಾಚುವುದು, ಗುಂಡಿ ಹಾಕುವುದು, ಹಾಸಿಗೆ ಮಡಚುವುದು, ನೀರು ಬಗ್ಗಿಸುವುದು, ಒಲೆ ಹಚ್ಚುವುದು ಇವೆಲ್ಲ ಆ ತರಗತಿಯ ಪಾಠ. ಟೀಚರ್ ತರಬೇತಿಯ ಸರ್ಟಿಫಿಕೇಟು ಅವಳಿಗೆ ಬಂದದ್ದು ಹನ್ನೊಂದು ವರ್ಷದ ಮೇಲೆ. ಆದರೆ ಹೊಸದಾಗಿ ಸೇರಿದ ಟೀಚರ್‌ಗಳಿಗೆಲ್ಲ ಅವಳು ಮೊದಲ ದಿನ ಹೇಳುತ್ತಿದ್ದ ಮಾತು ಒಂದೇ. ಮಗುವಿನ ಕೈ ಹಿಡಿಯಬೇಡಿ, ನಿಮ್ಮ ಕೈ ಕೊಡಿ. ಕೆಲಸ ಮಾಡುವ ಕೈ ಕೆಳಗಿರಲಿ, ಕಲಿಯುವ ಕೈ ಮೇಲಿರಲಿ. ಬೇಡ ಅನ್ನಿಸಿದಾಗ ಅದು ಎದ್ದು ಹೋಗುವಂತಿರಬೇಕು. "ನನ್ನ ಕ್ಲಾಸಲ್ಲಿ ಮೇಲುಗೈ ಯಾವಾಗಲೂ ಮಕ್ಕಳದ್ದೇ" ಎಂದು ನಗುತ್ತಿದ್ದಳು.

*

ಮೂರೂ ಮುಕ್ಕಾಲಿಗೆ ಗಾಡಿ ಬಂತು. ಡ್ರೈವರು ಮೇಲೆ ಬಂದು ಮಾವನೊಡನೆ ಏನೋ ಪಿಸುಗುಟ್ಟಿ, ಮತ್ತೆ ಕೆಳಗಿಳಿದು ಗಾಡಿಯ ನೆರಳಲ್ಲಿ ನಿಂತ. ರೈಲು ಹೊರಟಿದೆ ಎಂದು ಜೊತೆಗಾರ್ತಿ ಫೋನು ಮಾಡಿದ್ದಳು. ನಿಲ್ದಾಣದಿಂದ ಇಲ್ಲಿಗೆ ಬರಲು ಇನ್ನೂ ಮುಕ್ಕಾಲು ಗಂಟೆಯಾದರೂ ಬೇಕು. ಮಾವ ಸಿಟ್ಟಿನವನಲ್ಲ. ಆದರೂ ಕಾಯುವುದು ಅವನಿಗೆ ಒಗ್ಗದ ಕೆಲಸ. ತೀರ್ಮಾನ ನಿನ್ನದು ಎಂದು ಅಕ್ಕನ ಮಗಳಿಗೆ ಹೇಳಿ ಬಾಲ್ಕನಿಗೆ ಹೋದ.

ಅವಳು ಅಮ್ಮನ ಪಕ್ಕ ಬಂದು ಕೂತಳು. ನಾಲ್ಕು ದಾಟಿದರೆ ಗೇಟು ಮುಚ್ಚುವಷ್ಟರಲ್ಲಿ ತಲುಪಲಾಗದು ಎಂಬುದಲ್ಲ ಅವಳ ಚಿಂತೆ. ಎಷ್ಟೋ ವರ್ಷದ ಹಿಂದಿನ ಒಂದು ಸಂಜೆ ಎದೆಯೊಳಗೆ ಮಿಸುಕಾಡುತ್ತಿತ್ತು.

ಅವಳಿಗಾಗ ಒಂಬತ್ತು ವರ್ಷ. ತನ್ನ ಶಾಲೆಯ ನಾಟಕದಲ್ಲಿ ಸೇನಾಪತಿಯ ಪಾತ್ರ. ಕೆಂಪು ಅಂಗಿ, ಎದೆಯುದ್ದಕ್ಕೂ ಹನ್ನೆರಡು ಹಿತ್ತಾಳೆಯ ಗುಂಡಿ. ಬೇರೆ ಮಕ್ಕಳ ಅಮ್ಮಂದಿರು ತೆರೆಯ ಹಿಂದೆ ಬಂದು ಬಟ್ಟೆ ತೊಡಿಸಿ, ಮುಖಕ್ಕೆ ಬಣ್ಣ ಹಚ್ಚಿ ಹೋದರು. ಇವಳ ಅಮ್ಮ ಬರಲಿಲ್ಲ. ನಾಟಕ ಮುಗಿದು, ಗೇಟಿನ ಮುಂದಿನ ಜನ ಕರಗಿ, ಅಪ್ಪ ಬಣ್ಣದ ಡಬ್ಬಿಗಳ ಸಮೇತ ಸೈಕಲ್ಲಿನಲ್ಲಿ ಬಂದಾಗ ದೀಪ ಹಚ್ಚುವ ಹೊತ್ತು. ಅಮ್ಮ ಮನೆಗೆ ಬಂದದ್ದು ಅದರ ಮೇಲೆ. ಮುಂಗೈ ಸುಟ್ಟು ಬೊಬ್ಬೆ ಎದ್ದಿತ್ತು, ಮುಖ ಮಾತ್ರ ಅರಳಿತ್ತು. ಇವತ್ತು ಬೀಗ ತಾನೇ ಚಹಾ ಮಾಡಿದಳು, ಒಲೆ ಹಚ್ಚಿದ್ದರಿಂದ ಹಿಡಿದು ಲೋಟಕ್ಕೆ ಬಗ್ಗಿಸುವ ತನಕ ನಾನು ಏನೂ ಮಾಡಲಿಲ್ಲ, ಗೊತ್ತಾ ಎಂದಳು.

ಮಗಳು ತಾನೂ ಹನ್ನೆರಡು ಗುಂಡಿಗಳನ್ನು ಯಾರ ಸಹಾಯವೂ ಇಲ್ಲದೆ ಹಾಕಿಕೊಂಡೆ ಎಂದಿದ್ದಳು.

"ನಿಂಗೇನಮ್ಮ" ಎಂದಿದ್ದಳು ಅಮ್ಮ, ಸುಟ್ಟ ಕೈಯನ್ನು ನೀರಿನಲ್ಲಿ ಅದ್ದುತ್ತ. "ಕಣ್ಣಿದೆ, ಕಿವಿಯಿದೆ."

ಬಯ್ಗುಳವಲ್ಲ, ಕೊಂಕೂ ಅಲ್ಲ. ಅಮ್ಮ ಆ ಮಾತನ್ನು ಆಮೇಲೂ ಎಷ್ಟೋ ಸಲ ಹಾಗೆಯೇ, ಹಗುರವಾಗಿ ಆಡಿದ್ದಳು: ಪರೀಕ್ಷೆಯಲ್ಲಿ ಮೊದಲು ಬಂದಾಗ, ಕೆಲಸ ಸಿಕ್ಕಿದಾಗ, ಮೂರು ಗಂಟೆ ದೂರದ ಊರಿನಲ್ಲಿ ಸ್ವಂತ ಔಷಧಿ ಅಂಗಡಿ ತೆರೆದಾಗ. ಮಗಳು ನಗುತ್ತಲೇ ಕೇಳಿಸಿಕೊಂಡಿದ್ದಳು. ಆದರೆ ಅಂದಿನಿಂದ ಅಮ್ಮನಿಗೆ ಏನನ್ನೂ ತೋರಿಸಲು ಓಡಿ ಹೋಗಲಿಲ್ಲ.

*

ಅಪ್ಪ ಬಂದು ಅವಳ ಎದುರಿನ ಕುರ್ಚಿಯಲ್ಲಿ ಕೂತ. ಅವನ ಕೈಯಲ್ಲಿ ಬೀರುವಿನ ಏಳು ಅಂಗಿಗಳಲ್ಲೊಂದಿತ್ತು. ಆಯಾ ಹೇಳಿರಬೇಕು.

"ಇದನ್ನ ಹೊಲಿದದ್ದು ಬೀಗ" ಎಂದ.

ಮಗಳು ನೋಡಿದಳು.

ಹೇಳಬಾರದು ಅಂತ ನಿಮ್ಮಮ್ಮ ಭಾಷೆ ತಗೊಂಡಿದ್ಲು, ಇನ್ನು ಅದನ್ನ ಹಿಡ್ಕೊಂಡು ಏನು ಮಾಡಲಿ ಎನ್ನುತ್ತ ಅಪ್ಪ ಮಾತು ತೆಗೆದ. ಹದಿನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಅಮ್ಮನ ಬಲಗೈ ಕೈಕೊಟ್ಟಿತ್ತು. ಅದು ಮಗಳಿಗೆ ಗೊತ್ತಿದ್ದದ್ದೇ. ಆಗ ಅವಳು ಹತ್ತು ದಿನ ರಜೆ ಹಾಕಿ ಬಂದು, ಆರೈಕೆಗೆ ನರ್ಸನ್ನು ಗೊತ್ತುಮಾಡಿದ್ದಳು. ಅಮ್ಮ ಎರಡೇ ವಾರದಲ್ಲಿ ನರ್ಸನ್ನು ಬಿಡಿಸಿ, ನಾನೇ ಎಲ್ಲ ಮಾಡಿಕೊಳ್ತಿದೀನಿ, ನೀನು ಅಂಗಡಿ ನೋಡಿಕೋ ಎಂದಿದ್ದಳು. ತಿಂಗಳಿಗೊಮ್ಮೆ ಬಂದಾಗ ಅಮ್ಮ ನಿಜಕ್ಕೂ ಎದ್ದು ಕೂತಿರುತ್ತಿದ್ದಳು, ಅಂಗಿಯ ಗುಂಡಿ ಹಾಕಿರುತ್ತಿತ್ತು. ಹೇಗೆ ಎಂದು ಮಗಳು ಕೇಳಿರಲಿಲ್ಲ.

ನಡುವೆ ಆದದ್ದನ್ನು ಅಪ್ಪ ಈಗ ಹೇಳಿದ. ಮೊದಲ ವಾರಗಳಲ್ಲಿ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನರ್ಸು ಉಣಿಸಲು ಬಂದರೆ ಚಮಚವನ್ನು ತಳ್ಳಿಬಿಡುತ್ತಿದ್ದಳು. ಸುದ್ದಿ ತಿಳಿದ ಬೀಗ ಒಂದು ಶನಿವಾರ ರೈಲು ಹತ್ತಿ ಬಂದಳು. ಅವಳೀಗ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಚುವ ಕೆಲಸದಲ್ಲಿದ್ದಾಳೆ, ತನ್ನದೇ ಕೋಣೆ, ತನ್ನದೇ ಅಡುಗೆ. ಬಂದವಳು ಮಂಚದ ಮೇಲೆ ಕೂತು ಟೀಚರ ಮುಖ ಸವರಿದಳು, ಸತ್ತಂತಿದ್ದ ಬಲಗೈಯನ್ನು ಸವರಿದಳು, ಎಡಗೈಯನ್ನು ಹುಡುಕಿದಳು. ಅದು ಮುಷ್ಟಿ ಬಿಗಿದಿತ್ತು. ಬೀಗ ಅದನ್ನು ಬಿಡಿಸಲು ಹೋಗಲಿಲ್ಲ. ತನ್ನ ಕೈಯನ್ನು ಅದರ ಅಡಿಗೆ ತೂರಿಸಿ, ಹಾಗೆಯೇ ಸುಮ್ಮನೆ ಕೂತಳು. ಎಷ್ಟೋ ಹೊತ್ತಾದ ಮೇಲೆ ತನ್ನ ಅಂಗಿಯ ಗುಂಡಿಯೊಂದನ್ನು ಒಂದೇ ಕೈಯಲ್ಲಿ ಬಿಚ್ಚಿ, ಹಾಕಿ, ಮತ್ತೆ ಬಿಚ್ಚತೊಡಗಿದಳು. ಟೀಚರ ಕೈ ಅವಳ ಕೈಯ ಮೇಲೆಯೇ ಇತ್ತು.

"ಹದಿನೈದು ದಿನಕ್ಕೊಮ್ಮೆ ಬರ್ತಿದ್ಲು, ಒಂದು ಸಲವೂ ತಪ್ಪಿಸಲಿಲ್ಲ. ಟೀಚರಷ್ಟು ಕೆಟ್ಟ ವಿದ್ಯಾರ್ಥಿ ನಾನು ನೋಡಿಲ್ಲ ಅಂತ ನನ್ನ ಅಂಗೈಲಿ ಬರೆದು ದೂರು ಹೇಳ್ತಿದ್ಲು."

"ನಂಗೆ ಯಾಕೆ ಹೇಳಲಿಲ್ಲ?" ಎಂದಳು ಮಗಳು. "ನಾನು ಬರ್ತಿರಲಿಲ್ವಾ?"

"ಅದಕ್ಕೇ ಹೇಳಲಿಲ್ಲ. ಅವಳು ಬಂದ್ರೆ ನಾನು ಮಲಗಿದಲ್ಲೇ ಎಲ್ಲ ಮಾಡಿಸಿಕೊಂಡು ಹಾಯಾಗಿದ್ದುಬಿಡ್ತೀನಿ, ಮಗಳಲ್ವಾ, ಕೇಳೋದೂ ಬೇಡ ಅಂದ್ಲು ನಿಮ್ಮಮ್ಮ. ಬೀಗ ಮಾಡಿಕೊಡಲ್ಲ, ಕಲಿಸ್ತಾಳೆ ಅಂದ್ಲು."

ಮಗಳು ತೋಳಿನ ತುದಿಯ ಗುಂಡಿಯನ್ನು ಬೆರಳಿನಿಂದ ಎಳೆದು ಬಿಟ್ಟಳು. ಅದು ಜಾಗಕ್ಕೆ ಬಂದು ಕೂತಿತು. ಮತ್ತೊಮ್ಮೆ ಎಳೆದಳು. ಆಮೇಲೆ ಎದ್ದು ಬಾಲ್ಕನಿಗೆ ಹೋಗಿ, ಸ್ಮಶಾನದವರಿಗೆ ಫೋನು ಮಾಡಿ ಗೇಟು ತೆರೆದಿಟ್ಟಿರಲು ಕೇಳಿಕೊಳ್ಳಬೇಕೆಂದು ಮಾವನಿಗೆ ಹೇಳಿದಳು.

"ಎಷ್ಟು ಹೊತ್ತು ಅಂತ ಹೇಳಲಿ?"

"ಅವಳು ಬರೋ ತನಕ."

*

ಬೀಗ ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ದಪ್ಪನೆಯ ಜೊತೆಗಾರ್ತಿ ಏದುಸಿರು ಬಿಡುತ್ತ ಮುಂದೆ, ಅವಳ ಮೊಣಕೈ ಹಿಡಿದು ಬೀಗ ಹಿಂದೆ. ನಲವತ್ತರ ಹೆಂಗಸು, ಎತ್ತರದ ಆಳು, ಗಿಡ್ಡ ಕೂದಲು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೊಸ್ತಿಲು ದಾಟಿದ್ದೇ ಜೊತೆಗಾರ್ತಿಯ ಕೈ ಬಿಟ್ಟಳು. ಈ ಮನೆಯಲ್ಲಿ ಅವಳಿಗೆ ಯಾರೂ ದಾರಿ ತೋರಿಸಬೇಕಾಗಿರಲಿಲ್ಲ. ಅಪ್ಪ ಎದುರು ಬಂದು ಅವಳ ಅಂಗೈಯಲ್ಲಿ ನಾಲ್ಕು ಅಕ್ಷರ ಬರೆದ. ಅವಳು ಅವನ ಭುಜವನ್ನು ಎರಡು ಸಲ ತಟ್ಟಿದಳು. ಬೋರ್ಡು ಬರೆದ ಕೈ ಅಂಗೈಯಲ್ಲೂ ಅಕ್ಷರಕ್ಕೆ ನೆರಳು ಬಿಡಿಸುತ್ತದೆ, ಓದಿ ಮುಗಿಸುವಷ್ಟರಲ್ಲಿ ಚಹಾ ಆರುತ್ತದೆ ಎಂದು ಅವಳು ತಮಾಷೆ ಮಾಡುತ್ತಿದ್ದಳಂತೆ. ಇವತ್ತು ಅವನು ಏನು ಬರೆದನೋ, ಬೇಗ ಮುಗಿಯಿತು.

ಅವಳು ಮಂಚದ ಪಕ್ಕ ಮಂಡಿಯೂರಿ ಟೀಚರ ಮುಖದತ್ತ ಕೈ ಚಾಚಿದಾಗ ಮಾವ ಮುಂದೆ ಬಂದ. ಹೆಣದ ಮುಖದ ಮೇಲೆಲ್ಲ ಕೈಯಾಡಿಸುವುದು ನೋಡೋಕೆ ಚೆನ್ನಾಗಿರಲ್ಲ, ಕಾಲು ಮುಟ್ಟಿ ಎದ್ದರೆ ಸಾಕು ಎಂದು ತಗ್ಗಿದ ದನಿಯಲ್ಲಿ ಜೊತೆಗಾರ್ತಿಗೆ ಹೇಳಿದ.

ಜೊತೆಗಾರ್ತಿ ಉತ್ತರಿಸುವ ಮೊದಲೇ ಮಗಳು, "ಬೆಳಿಗ್ಗೆಯಿಂದ ನಾವೆಲ್ಲ ನೋಡ್ತಾನೇ ಇದೀವಲ್ಲ ಮಾವ" ಎಂದಳು. "ಅವಳೂ ನೋಡಲಿ."

ಮಾವ ಹಿಂದಕ್ಕೆ ಸರಿದ.

ಬೀಗ ಹಣೆಯಿಂದ ಶುರುಮಾಡಿದಳು. ಹುಬ್ಬು, ಮುಚ್ಚಿದ ರೆಪ್ಪೆ, ಕೆನ್ನೆ. ಬೆರಳಿನ ಹಿಂಬದಿಯನ್ನು ಮೂಗಿನ ಕೆಳಗೆ ಹಿಡಿದು ಸ್ವಲ್ಪ ಹೊತ್ತು ಕಾದಳು. ತುಟಿ, ಗಲ್ಲ. ಕೊರಳಿನಿಂದ ಇಳಿದು ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಎಣಿಸಿದಳು, ಸರಿಯಾಗಿದ್ದವು. ತೋಳಿಗುಂಟ ಎಡ ಮಣಿಕಟ್ಟಿಗೆ ಬಂದವಳು ಅಲ್ಲಿ ತಡೆದಳು. ಮೇಲಕ್ಕೆ ಸವರಿದಳು, ಕೆಳಕ್ಕೆ ಸವರಿದಳು. ಹಾಸಿಗೆಯ ಮೇಲೆ ತಡಕಿದಳು. ಅಷ್ಟು ಹೊತ್ತು ಅಲುಗದೆ ಇದ್ದ ಅವಳ ಮುಖ ಆಗ ಕದಡಿತು. ಜೊತೆಗಾರ್ತಿಯ ಕಡೆ ತಿರುಗಿ ತನ್ನ ಮಣಿಕಟ್ಟನ್ನು ಎರಡು ಬೆರಳಿಂದ ಸುತ್ತಿ ತೋರಿಸಿದಳು.

"ಗಡಿಯಾರ ಕೇಳ್ತಿದಾಳೆ" ಎಂದಳು ಜೊತೆಗಾರ್ತಿ. "ಅವರ ಹೆಸರೇ ಅದು. ಮಕ್ಕಳೆಲ್ಲ ಟೀಚರನ್ನ ಕರೀತಿದ್ದದ್ದೇ ಹೀಗೆ."

ಮಗಳು ಚೀಲದಿಂದ ಗಡಿಯಾರ ತೆಗೆದಳು. ನಿಂತುಹೋಗಿತ್ತು. ಮಾವ ಕೈ ಚಾಚಿ ಅದನ್ನು ಇಸಿದುಕೊಂಡ. ಅಕ್ಕ ಕೆಲಸಕ್ಕೆ ಸೇರಿದ ವರ್ಷ ತನ್ನ ಕೈಯಿಂದಲೇ ಬಿಚ್ಚಿ ಕೊಟ್ಟಿದ್ದ ಗಡಿಯಾರ ಅದು. ಅಂಗಿಯ ತುದಿಯಿಂದ ಗಾಜು ಒರೆಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಕೀಲಿ ಹಿಡಿದು, ಹತ್ತು ಸುತ್ತು ಕೀ ಕೊಟ್ಟ. ಗೋಡೆಯ ಗಡಿಯಾರ ನೋಡಿ ಮುಳ್ಳು ತಿರುಗಿಸಿದ. ಮುಳ್ಳು ಸರಿಯಾದ ಮೇಲೂ ಸ್ವಲ್ಪ ಹೊತ್ತು ಅದನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದು, ಆಮೇಲೆ ತಾನೇ ಬಗ್ಗಿ ಅಕ್ಕನ ಮಣಿಕಟ್ಟಿಗೆ ಕಟ್ಟಿದ.

ಬೀಗ ಅದರ ಮೇಲೆ ಬೆರಳಿಟ್ಟಳು. ಬಗ್ಗಿ ಕೆನ್ನೆ ಒತ್ತಿದಳು. ಆಯಾ ಸೆರಗಿನಿಂದ ಮೂಗೊರೆಸಿಕೊಂಡಳು.

ಮಗಳು ತನಗರಿವಿಲ್ಲದೆಯೇ ಮಂಚದ ಅಂಚಿನಲ್ಲಿ, ಬೀಗಳ ಪಕ್ಕದಲ್ಲಿ ಕೂತಿದ್ದಳು. ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದ ಅಳು ಆಗ ಒಡೆಯಿತು. ಮಂಚ ಅಲುಗಿದ್ದರಿಂದ ಬೀಗಳಿಗೆ ಅದು ತಿಳಿದಿರಬೇಕು; ಯಾರು ಎಂದು ಕೇಳದೆ ಕೈ ಚಾಚಿ ಅವಳ ಬೆನ್ನ ಮೇಲಿಟ್ಟಳು.

*

ಗೇಟು ತೆರೆದೇ ಇತ್ತು. ಕಾವಲುಗಾರ ಗೊಣಗಲಿಲ್ಲ. ಅಮ್ಮನ ಕೈಯ ಗಡಿಯಾರವನ್ನು ಯಾರೂ ಬಿಚ್ಚಲಿಲ್ಲ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಬೀಗ ಮಂಡಿಯೂರಿ ತೋಡಿದ ಗುಂಡಿಯ ಅಂಚನ್ನು ಮುಟ್ಟಿ, ಆಳ ಎಷ್ಟು ಎಂದು ಜೊತೆಗಾರ್ತಿಯನ್ನು ಕೇಳಿ ತಿಳಿದುಕೊಂಡು, ತನ್ನ ಪಾಲಿನ ಮಣ್ಣನ್ನು ನಿಧಾನವಾಗಿ ಬಿಟ್ಟಳು. ಅಲ್ಲಿಂದಲೇ ಆಯಾಳನ್ನು ಶಾಲೆಯವರು ಕರೆದುಕೊಂಡು ಹೋದರು.

ಹಿಂದಿರುಗುವಾಗ ಗಾಡಿಯ ಹಿಂದಿನ ಸೀಟಿನಲ್ಲಿ ಮಗಳು, ನಡುವೆ ಜೊತೆಗಾರ್ತಿ, ಆಚೆ ಬೀಗ. ಸ್ವಲ್ಪ ದೂರ ಬಂದ ಮೇಲೆ ಮಗಳು, ಕೇಳಲೋ ಬೇಡವೋ ಎಂದು ಎರಡು ಸಲ ಬಾಯಿ ತೆರೆದು ಮುಚ್ಚಿ, ಕೊನೆಗೆ ಕೇಳಿದಳು. ಅಮ್ಮ ತನ್ನ ವಿಷಯ ಏನಾದರೂ ಮಾತಾಡುತ್ತಿದ್ದಳಾ?

ಜೊತೆಗಾರ್ತಿ ಅದನ್ನು ಅಂಗೈಗೆ ದಾಟಿಸಿದಳು. ಇಲ್ಲದ್ದನ್ನು ಹೇಳಿ ಸಮಾಧಾನ ಮಾಡುವುದು ಬೀಗಳ ಜಾಯಮಾನವಲ್ಲ.

"ಜಾಸ್ತಿ ಇಲ್ಲವಂತೆ" ಎಂದಳು ಜೊತೆಗಾರ್ತಿ, ಬೀಗಳ ಬೆರಳುಗಳನ್ನು ಓದುತ್ತ. "ಒಂದೇ ಒಂದು ಸಲ. ಗುಂಡಿ ಹಾಕೋದು ಅಭ್ಯಾಸ ಮಾಡ್ತಿದ್ದಾಗ. ನನ್ನ ಮಗಳು ನಾಟಕದ ದಿನ ಹನ್ನೆರಡು ಗುಂಡಿ ತಾನೇ ಹಾಕ್ಕೊಂಡಿದ್ಲು, ನಾನು ನೋಡ್ಲಿಲ್ಲ ಅಂದ್ರಂತೆ. ಮೇಲಿಂದ ಹಾಕ್ಕೊಂಡ್ಲೋ ಕೆಳಗಿಂದ ಹಾಕ್ಕೊಂಡ್ಲೋ, ಅದನ್ನೂ ಕೇಳ್ಲಿಲ್ಲ ಅಂದ್ರಂತೆ. ಅವತ್ತು ಮತ್ತೆ ಪಾಠ ಮಾಡಲಿಲ್ಲವಂತೆ."

ಮಗಳು ಕಿಟಕಿಯ ಹೊರಗೆ ನೋಡಿದಳು. ಅಂಗಡಿಗಳು ಬಾಗಿಲು ಹಾಕುತ್ತಿದ್ದವು. ಕೆಲವು ಬೋರ್ಡುಗಳು ಅಪ್ಪನ ಅಕ್ಷರದವು.

"ಕೆಳಗಿಂದ" ಎಂದಳು.

ಜೊತೆಗಾರ್ತಿ ದಾಟಿಸಿದಳು. ಬೀಗ ತಲೆಯಾಡಿಸಿದಳು. ಸರಿಯಾದದ್ದೇ ಅದು, ಕೆಳಗಿನಿಂದ ಹಾಕಿದರೆ ಗುಂಡಿ ತಪ್ಪುವುದಿಲ್ಲ, ಟೀಚರ್ ಎಲ್ಲರಿಗೂ ಹಾಗೆಯೇ ಕಲಿಸಿದ್ದು ಎಂದು ಬೆರಳಾಡಿಸಿದಳು.

ಮನೆ ತಲುಪಿದಾಗ ಬೆಳಕು ಇಳಿಯುತ್ತಿತ್ತು. ಬೀಗಳ ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಮಾವ ಹೋಟೆಲಿನಿಂದ ಏನಾದರೂ ಕಟ್ಟಿಸಿ ತರುವುದಾಗಿ ಹೇಳಿ ಚಪ್ಪಲಿ ಮೆಟ್ಟಿದ್ದ. ಬೀಗ ಬೇಡವೆಂದು ಕೈಯಾಡಿಸಿದಳಂತೆ. ಅಪ್ಪ ನಾಳೆಯೂ ಉಣ್ಣಬೇಕು, ನಾಡಿದ್ದೂ ಉಣ್ಣಬೇಕು ಎಂದಳಂತೆ. ಇದನ್ನು ಮಗಳಿಗೆ ಹೇಳಿದವಳು ಜೊತೆಗಾರ್ತಿ, ಸೋಫಾದ ಮೇಲೆ ಕಾಲು ಚಾಚುತ್ತ. ಮಗಳು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಅಪ್ಪ ಕುರ್ಚಿಯಲ್ಲಿರಲಿಲ್ಲ.

ಅಡುಗೆಮನೆಯಿಂದ ಪಾತ್ರೆಯ ಸದ್ದು ಕೇಳಿಸಿತು. ಮಗಳು ಬಾಗಿಲಿಗೆ ಹೋದಳು. ಒಳಗೆ ಕತ್ತಲಾಗುತ್ತ ಬಂದಿತ್ತು. ಕಟ್ಟೆಯ ಮುಂದೆ ಬೀಗ ನಿಂತಿದ್ದಳು, ಅವಳ ಪಕ್ಕದಲ್ಲಿ, ಎಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಒಲೆ ಹಚ್ಚದ ಅಪ್ಪ. ಅವಳ ಕೈ ಅಕ್ಕಿ ತೊಳೆಯುತ್ತಿತ್ತು. ನೀರನ್ನು ಬಸಿಯಿತು, ಮತ್ತೆ ನೀರು ತುಂಬಿತು, ಅಕ್ಕಿಯ ಮೇಲೆ ಬೆರಳಿನ ತುದಿಯೂರಿ ನೀರು ಮೊದಲ ಗೆಣ್ಣಿಗೆ ಬಂತೇ ಎಂದು ನೋಡಿತು. ಬಣ್ಣದ ಕಲೆ ಇನ್ನೂ ಪೂರ್ತಿ ಹೋಗದ ಮುದಿ ಕೈಯೊಂದು ಅದರ ಮೇಲೆ ಕೂತು, ಅದು ಹೋದಲ್ಲೆಲ್ಲ ಹೋಗುತ್ತಿತ್ತು.

ಮಗಳು ದೀಪ ಹಾಕಲೆಂದು ಸ್ವಿಚ್ಚಿನ ಮೇಲೆ ಕೈಯಿಟ್ಟಳು. ಆಗ ನೋಡಿದಳು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ.

ಅವಳು ಸ್ವಿಚ್ಚು ಒತ್ತದೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.